ಮುದ್ರೆಯ ಮೇಲಿನ ಗೀರು

"ಉಸುಕು ಹಾಕಿ ತಿಕ್ಕೀಯಲ್ಲಬೇ ಅಮರಿ! ಇದು ಚೀನಿ ರಕಾಬಿ, ನಿಮ್ಮಪ್ಪ ಸುಟ್ಟ ಗಡಿಗಿ ಅಲ್ಲ."

ಮೆಹಬೂಬ್‌ಬೀ ಪಿಂಗಾಣಿ ತಟ್ಟೆಯನ್ನು ಬೋರಲು ಹಿಡಿದು ಕಿಟಕಿಯ ಬೆಳಕಿಗೆ ತಂದರು. ತಳದಲ್ಲಿ ಕಾರ್ಖಾನೆಯ ನೀಲಿ ಮುದ್ರೆ, ಅದನ್ನು ಅಡ್ಡ ಕತ್ತರಿಸಿದ ಹಾಗೆ ಒಂದು ಗೀರು. ಅವರ ಮಗ ಲಿಂಗಸುಗೂರಿನ ತಹಸೀಲ್ದಾರ. ಮಧ್ಯಾಹ್ನದ ಊಟಕ್ಕೆ ರಾಯಚೂರಿನಿಂದ ದೊಡ್ಡ ಸಾಹೇಬರು ಬರುವವರಿದ್ದರು. ಹನ್ನೆರಡು ತಟ್ಟೆಗಳೂ ಸೊಸೆ ಮೈಮುನಾಬಿಯ ತವರಿನವು. ಹೈದರಾಬಾದಿನಲ್ಲಿ ಆರಿಸಿ ತಂದ ಅಸಲಿ ಮಾಲು ಎಂದು ಅವಳ ತಂದೆ ಮದುವೆಯಲ್ಲಿ ಹತ್ತು ಜನರ ಮುಂದೆ ಹೇಳಿ ಕೊಟ್ಟಿದ್ದರು.

"ಉಸುಕು ಮುಟ್ಟಿಲ್ರೀ ಅಮ್ಮಾರ," ಎಂದಳು ಪಾತ್ರೆ ತೊಳೆಯುವ ಅಮರಮ್ಮ.

"ಹಂಗಾರ ತಾನ ಬಿತ್ತೇನು ಗೀರು? ನಾಳಿಯಿಂದ ಬರಬ್ಯಾಡ ನೀ."

ಅಮರಮ್ಮ ಗುರುಗುಂಟಾದ ಕುಂಬಾರರ ಮಗಳು. ಆವಿಗೆಯಿಂದ ತೆಗೆದ ಗಡಿಗೆ ಸೊಟ್ಟಗಿದ್ದರೆ ಅವಳ ಅಪ್ಪ ತಳಕ್ಕೆ ಕಲ್ಲಿನಿಂದ ಗೆರೆ ಎಳೆದು ಬೇರೆ ಇಡುತ್ತಿದ್ದ. ಅವು ಸಂತೆಯಲ್ಲಿ ಅಗ್ಗಕ್ಕೆ ಹೋಗುತ್ತಿದ್ದವು. ಉಸುಕಿನ ಗೀರಾದರೆ ಅಡ್ಡಾದಿಡ್ಡಿ ಹತ್ತಾರು ಇರುತ್ತವೆ. ಇಲ್ಲಿ ತೊಳೆಯುವಾಗ ಅವಳು ಕಂಡದ್ದು ಒಂದೇ ಗೀರು, ನೇರವಾಗಿ, ಹನ್ನೆರಡರಲ್ಲೂ ಅದೇ ಜಾಗದಲ್ಲಿ. ಹೇಳಿದರೆ ಅವಳ ಕೆಲಸ ಉಳಿಯುತ್ತದೆ. ಆದರೆ ಮೈಮುನಾಬಿಯ ತೀರಿಹೋದ ತಂದೆಯ ಮಾತು ಸುಳ್ಳಾಗುತ್ತದೆ. ಅವಳು ಮೈಮುನಾಬಿಯ ಕಡೆ ನೋಡಿದಳು. ಮೈಮುನಾಬಿ ಕಪಾಟಿನ ಬಾಗಿಲು ಹಿಡಿದು ನಿಂತಿದ್ದಳು, ಮುಖ ಬಿಳಿಚಿಕೊಂಡಿತ್ತು. ಆಕೆಗೂ ಗೊತ್ತಿತ್ತು.

"ತಪ್ಪಾತ್ರೀ," ಎಂದು ಅಮರಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಾಗಿಲ ಕಡೆ ತಿರುಗಿದಳು.

"ನಿಲ್ಲವ್ವ ಅಮರಮ್ಮ."

ಮೈಮುನಾಬಿ ಉಳಿದ ಹನ್ನೊಂದು ತಟ್ಟೆಗಳನ್ನು ತೆಗೆದು ಒಂದೊಂದಾಗಿ ಮೇಜಿನ ಮೇಲೆ ಬೋರಲು ಇಟ್ಟಳು. ಒಂದೂ ಸದ್ದು ಮಾಡಲಿಲ್ಲ.

"ಎಲ್ಲಾದಕ್ಕೂ ಐತ್ರೀ ಅಮ್ಮೀಜಾನ್. ಐಬು ಇದ್ದ ಮಾಲಿಗೆ ಕಾರ್ಖಾನಿಯವ್ರ ಹಿಂಗ ಗೀರ್ತಾರಂತ. ಅಬ್ಬಾಗ ಗೊತ್ತಿತ್ತೋ ಇಲ್ಲೋ, ನಾ ಕೇಳಲಿಲ್ಲ."

ಮೆಹಬೂಬ್‌ಬೀ ಪ್ರತಿ ಗೀರಿನ ಮೇಲೂ ಹೆಬ್ಬೆರಳು ಆಡಿಸಿದರು. ಕೊನೆಯ ತಟ್ಟೆ ತುಸು ಸೊಟ್ಟಗಿತ್ತು, ಬೆರಳು ತಾಗಿದಂತೆ ಅಲುಗಾಡಿತು. ಅಷ್ಟರಲ್ಲಿ ಹೊರಗೆ ಮೋಟಾರಿನ ಸದ್ದು ಕೇಳಿಸಿತು.

"ಬಂದ ಸಾಹೇಬ ರಕಾಬಿ ಬೋರಲು ಹಾಕಿ ಉಣ್ತಾನೇನು?" ಎಂದರು ಮೆಹಬೂಬ್‌ಬೀ, ಯಾರ ಮುಖವನ್ನೂ ನೋಡದೆ. "ಅಮರಿ, ಯಾಕ ನಿಂತೀ? ನೀರು ತಾ. ನಾಳಿ ಬಿಸಿಲು ಏರೂಕಿಂತ ಮೊದಲ ಬಾ."

ಅಮರಮ್ಮ ತಟ್ಟೆ ತೊಳೆದುಕೊಟ್ಟ ಹಾಗೆಲ್ಲ ಮೈಮುನಾಬಿ ಒರೆಸಿದಳು. ಅಲುಗಾಡುವ ತಟ್ಟೆಯನ್ನು ಮೆಹಬೂಬ್‌ಬೀ ತಮ್ಮ ಊಟಕ್ಕೆ ಒಳಗೆ ಇಟ್ಟುಕೊಂಡರು. ಅದರ ಕೆಳಗೆ ಕೈವಸ್ತ್ರವನ್ನು ಮಡಚಿ ಇಟ್ಟು, ಒಮ್ಮೆ ಒತ್ತಿ ನೋಡಿದರು.