ಅಂಚು ಮುಟ್ಟಿ ನೋಡುವ ಕೆಲಸ

ಪಂಪಿನ ಲೋಹದ ಭಾಗಗಳಿಗೆ ತೂತು ಕೊರೆದಾಗ ಅಂಚಿನಲ್ಲಿ ಕೂದಲೆಳೆಯಷ್ಟು ಚೂಪು ಉಳಿಯುತ್ತದೆ. ಅದಕ್ಕೆ ಬರ್ ಎನ್ನುತ್ತಾರೆ. ಅದನ್ನು ಉಜ್ಜಿ ತೆಗೆದು ಅಂಚನ್ನು ನುಣುಪು ಮಾಡುವುದರಲ್ಲಿ ಅಕ್ಕ ಎತ್ತಿದ ಕೈ. ಇಪ್ಪತ್ತೊಂದು ವರ್ಷ ಕಾರ್ಖಾನೆಯಲ್ಲಿ ಕಿಟಕಿ ಪಕ್ಕದ ಅದೇ ಮೇಜು, ಕೈಯಲ್ಲಿ ಗುಂಯ್‌ಗುಡುವ ಪುಟ್ಟ ಗ್ರೈಂಡರ್. ಕೊನೆಗೊಮ್ಮೆ ತೋರುಬೆರಳನ್ನು ತೂತಿನ ಸುತ್ತ ಆಡಿಸಿ ಟ್ರೇಗೆ ಇಡುವಳು.

ತಂಗಿ ಮದುವೆ ಮುರಿದುಕೊಂಡು ಬಂದಾಗ ಅವಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಕಲಿಸಿದಳು. ತಂಗಿ ಚುರುಕು; ಆರೇಳು ವರ್ಷಕ್ಕೆ ತಪಾಸಣೆಯ ಮೇಜಿಗೆ ಹೋದಳು. ಕಲಿಸಿದವಳ ಕೆಲಸಕ್ಕೇ ಮಾರ್ಕು ಹಾಕುತ್ತಾಳೆ ನೋಡಿ ಎಂದು ಅಕ್ಕ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದಳು.

ಒಂದು ಚಳಿಗಾಲ ಅಕ್ಕನ ಟ್ರೇಯಲ್ಲಿ ತಂಗಿಯ ಬೆರಳಿಗೆ ಬರ್ ತಾಗಿತು. ಒಂದಲ್ಲ, ಮೂರು. ಊಟದ ಹೊತ್ತಿಗೆ ನೋಡಿದರೆ ಅಕ್ಕ ಕುದಿಯುವ ಚಹಾದ ಲೋಟವನ್ನು ಹಿಡಿದೇ ಕೂತಿದ್ದಾಳೆ, ಬಿಸಿಯ ಪರಿವೆಯೇ ಇಲ್ಲ. ಬೆರಳ ತುದಿಗಳು ಸುಣ್ಣದ ಹಾಗೆ ಬೆಳ್ಳಗಿದ್ದವು. ಗ್ರೈಂಡರಿನ ನಡುಕ ಬೆರಳನ್ನು ಸಾಯಿಸುತ್ತದೆಂದು ತಂಗಿ ಕೇಳಿದ್ದಳು. ವಾಪಸ್ ಕಳಿಸಿದರೆ ಮೇಲ್ವಿಚಾರಕರ ಕಣ್ಣಿಗೆ ಬೀಳುತ್ತದೆ. ಆ ಮೂರನ್ನು ತಾನೇ ಉಜ್ಜಿದಳು. ಮರುದಿನ ಐದು. ಹೀಗೆ ಎಂಟು ತಿಂಗಳು ಅರ್ಧ ಊಟಕ್ಕೇ ಎದ್ದು ಅಕ್ಕನ ಕೆಲಸ ತಿದ್ದಿದಳು, ತುಟಿ ಪಿಟಕ್ಕೆನ್ನಲಿಲ್ಲ.

ಆಮೇಲೆ ತಂಗಿಗೆ ಜ್ವರ ಬಂದು ಮೂರು ದಿನ ಮಲಗಿದಳು. ಅವಳ ಬದಲಿಗೆ ಕೂತವರು, ಅಕ್ಕನ ಟ್ರೇ ತಾನೇ, ಅದರಲ್ಲೇನು ನೋಡುವುದು ಎಂದು ಹಾಗೇ ಮುಂದೆ ತಳ್ಳಿದರು. ಜೋಡಣೆ ವಿಭಾಗದ ಫಿಟ್ಟರ್ ತೂತಿನೊಳಗೆ ಹೆಬ್ಬೆರಳಿಟ್ಟು ವಾಷರ್ ಒತ್ತುವಾಗ ಬರ್ ನರದವರೆಗೂ ಸೀಳಿತು.

ಮೇಲ್ವಿಚಾರಕರು ಟ್ರೇಯ ಚೀಟಿ ನೋಡಿ ಅಕ್ಕನನ್ನು ಕರೆಸಿದರು. ಅವಳು ಒಪ್ಪಲಿಲ್ಲ. ಇಷ್ಟು ವರ್ಷದಲ್ಲಿ ತನ್ನದೊಂದು ತುಂಡೂ ವಾಪಸ್ ಬಂದಿಲ್ಲ, ಬೇಕಾದರೆ ತಂಗಿಯನ್ನೇ ಕೇಳಿ ಎಂದಳು. ನಾಲ್ಕನೆಯ ದಿನ ತಂಗಿ ಬಂದಾಗ ಕೇಳಿದರು. ಅವಳು ಅಕ್ಕನ ಎದುರಿಗೇ ಅಳುತ್ತ ಎಲ್ಲ ಹೇಳಿದಳು.

ಸಂಜೆ ಮನೆಗೆ ಬಂದ ಅಕ್ಕ ಚಪ್ಪಲಿಯನ್ನೂ ಬಿಡದೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತಳು.

"ನಂಗ್ಯಾಕೆ ಹೇಳ್ಲಿಲ್ಲ?"

"ಗೊತ್ತಾದ್ರೆ ಕುಸಿದು ಹೋಗ್ತೀಯ ಅಂತ."

"ಬೆರಳು ಜೋಮು ಹಿಡಿದಿದ್ದು ನಂಗೆ ಗೊತ್ತಿರ್ಲಿಲ್ವೇನೇ? ಒಂದೂ ವಾಪಸ್ ಬರ್ತಿಲ್ವಲ್ಲ, ಕೈ ಇನ್ನೂ ಕೆಲಸ ಮರ್ತಿಲ್ಲ ಅಂದ್ಕೊಂಡೆ. ನಿನ್ನನ್ನ ನಂಬಿ ಅಂದ್ಕೊಂಡೆ. ಮೊದಲ್ನೇ ದಿನಾನೇ ಒಂದು ವಾಪಸ್ ಕಳಿಸಿದ್ರೆ ನಾನೇ ಎದ್ದು ಹೋಗ್ತಿದ್ದೆ. ಅವನ ಬೆರಳು ಉಳೀತಿತ್ತು."



ಭಾನುವಾರ ಇಬ್ಬರೂ ಫಿಟ್ಟರನ ಮನೆಗೆ ಹೋದರು. ಹೆಂಡತಿ ಅವನ ಅಂಗಿಯ ಗುಂಡಿ ಹಾಕಿಕೊಡುತ್ತಿದ್ದಳು. ಅವನು ಬೈಯಲಿಲ್ಲ, ಕೂರಲು ಹೇಳಿ, ಹೆಬ್ಬೆರಳು ಇನ್ನು ಮಡಚುವುದಿಲ್ಲವಂತೆ ಎಂದ. ತಪ್ಪು ತನ್ನದು ಎಂದಳು ಅಕ್ಕ. ಅಲ್ಲ, ತನ್ನದು ಎಂದಳು ತಂಗಿ. ಅವನು ಇಬ್ಬರನ್ನೂ ನೋಡಿದ.

"ಯಾರ್ದು ಅಂತ ತಿಳ್ಕೊಂಡು ನಾನೇನ್ ಮಾಡ್ಲಿ," ಎಂದ.

ಅಕ್ಕ ಕೆಲಸ ಬಿಟ್ಟಳು. ಹೋದ ಸ್ಪರ್ಶ ಮರಳುವುದಿಲ್ಲವೆಂದು ಡಾಕ್ಟರು ಹೇಳಿದರು. ತಂಗಿಗೆ ಎಚ್ಚರಿಕೆಯ ಪತ್ರ ಕೊಟ್ಟು ತಪಾಸಣೆಯ ಮೇಜಿನಲ್ಲೇ ಉಳಿಸಿಕೊಂಡರು. ಈಗ ಯಾರ ಟ್ರೇಯಲ್ಲಿ ಒಂದು ಬರ್ ಸಿಕ್ಕರೂ ಅವಳು ಮುಲಾಜು ನೋಡದೆ ವಾಪಸ್ ಕಳಿಸುತ್ತಾಳೆ. ಅವಳಿಗೆ ಕಲ್ಲೆದೆ ಎಂದು ಅಲ್ಲಿನವರು ಆಡಿಕೊಳ್ಳುತ್ತಾರೆ. ಮನೆಯಲ್ಲಿ ಅಕ್ಕತಂಗಿಯರು ಮಾತು ಬಿಟ್ಟಿಲ್ಲ. ಹಾಲು ಬಂತಾ, ಬಾಗಿಲು ಹಾಕಿದ್ಯಾ ಎನ್ನುವಷ್ಟು ಆಡುತ್ತಾರೆ.