ಶಿವರಂಜನಿಯ ಮುಖ ಎದ್ದು ಬಂದದ್ದು

ನಂಜುಂಡೇಶ್ವರನ ಆಣೆಗೂ ಇದು ನಡೆದದ್ದು. ಒಂದು ಮಾತು ಸುಳ್ಳಾಗಿದ್ದರೂ ಇನ್ನು ಮೇಲೆ ನನ್ನ ಬಾಯಿಗೆ ರಸಬಾಳೆ ಹಣ್ಣು ರುಚಿಸದೆ ಹೋಗಲಿ. ಇದಕ್ಕಿಂತ ದೊಡ್ಡ ಆಣೆ ನಮ್ಮ ನಂಜನಗೂಡಿನಲ್ಲಿ ಇಲ್ಲ.

ಕವಲಂದೆ ಗುರುಮಲ್ಲಪ್ಪನ ಮಗಳು ಶಿವರಂಜನಿ ನಂಜನಗೂಡಿನಿಂದ ಟಿ. ನರಸೀಪುರಕ್ಕೆ ಓಡುವ ಸರ್ಕಾರಿ ಬಸ್ಸಿನ ಕಂಡಕ್ಟರ್. ಬಣ್ಣ ಕಪ್ಪು. ಸುಮ್ಮನೆ ಕಪ್ಪಲ್ಲ, ಈಗಷ್ಟೇ ಮಳೆ ಬಿದ್ದ ಎರೆಭೂಮಿಯ ಕಪ್ಪು. ಅವಳು ಬಾಗಿಲ ಬಳಿ ನಿಂತರೆ ಹಿಂದಿನ ಸೀಟಿನವರು ಅವಳ ಕೆನ್ನೆ ನೋಡಿಕೊಂಡೇ ಕ್ರಾಪು ಬಾಚಿಕೊಳ್ಳುತ್ತಿದ್ದರು. ಬೇಸಿಗೆಗೆ ಮೆಡಿಕಲ್ ಶಾಪಿನ ಸನ್‌ಸ್ಕ್ರೀನು, ಮಾಗಿಗೆ ಕೊಬ್ಬರಿ ಎಣ್ಣೆ, ಇಷ್ಟೇ ಅವಳ ಅಲಂಕಾರ. ಮಳೆಗಾಲದಲ್ಲಿ ಕಿಟಕಿ ಮುಚ್ಚಲಾಗದ ಬಸ್ಸೇ ಅವಳ ಮುಖ ತೊಳೆದು ಕಳಿಸುತ್ತಿತ್ತು.

ನರಸೀಪುರದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದ ಮಲ್ಲಿಕಾರ್ಜುನ್ ಈ ಮುಖ ನೋಡುವುದಕ್ಕೆಂದೇ ಕೆಲಸವಿಲ್ಲದಿದ್ದರೂ ನಂಜನಗೂಡಿಗೆ ಹೋಗಿಬರುತ್ತಿದ್ದ. ಕೊನೆಗೆ ಮದುವೆಯೂ ಗೊತ್ತಾಯಿತು. ಆದರೆ ಅವನ ತಾಯಿ ಮಂಗಳಗೌರಿ ಬಣ್ಣ ತಿದ್ದಿದ ಒಂದು ಫೋಟೋ ಇಟ್ಟುಕೊಂಡು, ಸೊಸೆ ಹಾಲಿನ ಕೆನೆ ಥರ ಇದ್ದಾಳೆ ಎಂದು ನೆಂಟರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಹೇಳಿದ್ದನ್ನು ಉಳಿಸಿಕೊಳ್ಳಬೇಕಲ್ಲ? ಮೈಸೂರಿನಿಂದ ಶ್ವೇತ ಎಂಬ ಪಾರ್ಲರಿನವಳನ್ನು ಕರೆಸಿದಳು.

ಮದುವೆ ದಿನ ವೈಶಾಖದ ಬಿಸಿಲು. ಛತ್ರದ ಹೆಣ್ಣಿನ ಕೋಣೆಯಲ್ಲಿ ಫ್ಯಾನು ಇತ್ತು, ಕರೆಂಟು ಇರಲಿಲ್ಲ.

"ಮೂರು ಶೇಡ್ ತಿಳಿ ಮಾಡ್ತೀನಿ ಆಂಟಿ, ಯೋಚ್ನೆ ಮಾಡ್ಬೇಡಿ," ಎಂದು ಶ್ವೇತ ಡಬ್ಬಿ ಬಿಚ್ಚಿದಳು.

"ಅಕ್ಕ, ನಿಮ್ ಡಬ್ಬೀಲಿ ನನ್ ಬಣ್ಣುದ್ದು ಇಲ್ವಾ?" ಎಂದಳು ಶಿವರಂಜನಿ.

"ಅದನ್ನ ಯಾರೂ ಕೇಳಲ್ಲಮ್ಮ. ತರ್ಸೋದೇ ಇಲ್ಲ."

"ನಾನ್ ಕೇಳ್ತಾ ಇವ್ನಲ್ವಾ."

ಮಂಗಳಗೌರಿ ಅವಳ ಗಲ್ಲ ಹಿಡಿದಳು. "ಒಂದಿನ ತಡ್ಕೊ ಕಣವ್ವ. ನೆಂಟ್ರು ಮುಂದೆ ನನ್ ಮಾನ ಉಳ್ಸು."

"ನಿಮ್ ಮಾನ ಉಳ್ಸಕ್ಕೆ ನನ್ ಮುಖ ಕಳ್ಕೋಬೇಕಾ ಅತ್ತೆಮ್ಮ?"

ಬಾಗಿಲಲ್ಲಿ ನಿಂತಿದ್ದ ಗುರುಮಲ್ಲಪ್ಪ ಮಗಳ ಕಡೆ ಕೈ ಮುಗಿದುಬಿಟ್ಟ. ಅಪ್ಪ ಕೈ ಮುಗಿದದ್ದನ್ನು ಅವಳು ಅದುವರೆಗೆ ಲಿಂಗದ ಮುಂದೆ ಮಾತ್ರ ಕಂಡಿದ್ದಳು. ಕುರ್ಚಿಯಲ್ಲಿ ಕೂತಳು.

"ಬಳೀರಿ. ಆದ್ರೆ ನನ್ ಕೈಲಿ ತಡ್ಯಕ್ಕಾಗ್ದೋದ್ರೆ ಎಲ್ರೆದ್ರುಗೇ ತಗ್ದಾಕ್ತೀನಿ. ಆಮೇಕೆ ನನ್ನ ಅನ್ನಂಗಿಲ್ಲ."

ಇಲ್ಲೊಂದು ವಿಷಯ ಇದೆ. ಅವತ್ತು ಬೆಳಗ್ಗೆ ಸೋದರತ್ತೆ ಸಾಕಮ್ಮ ಅರಿಶಿನವನ್ನು ಹರಳೆಣ್ಣೆಯಲ್ಲಿ ಕಲಸಿ ಹೆಣ್ಣಿನ ಮುಖಕ್ಕೆ ಮೆತ್ತಿದ್ದಳು. ಅರಿಶಿನ ಹಚ್ಚಿದ ಮೇಲೆ ಧಾರೆ ಮುಗಿಯುವ ತನಕ ಸೋಪು ತಾಕಿಸಬಾರದು ಎಂಬುದು ಅವರ ಮನೆಯ ಕಟ್ಟಳೆ. ಬರೀ ನೀರಿಗೆ ಹರಳೆಣ್ಣೆ ಬಿಟ್ಟೀತೆ? ಶ್ವೇತಳಿಗೆ ಇದು ಗೊತ್ತಿಲ್ಲ. ಮದುವೆ ಕಳೆ ಎಂದುಕೊಂಡು ಅದರ ಮೇಲೇ ಶುರುಮಾಡಿದಳು. ಅವಳು ತಂದಿದ್ದ ಕ್ರೀಮೂ ಪುಷ್ಯದ ಚಳಿಗೆ ಹಚ್ಚುವ ಗಟ್ಟಿ ಕ್ರೀಮು. ಒಂದು ಪದರ ಕ್ರೀಮು, ಒಂದು ಪದರ ಪೌಡರು, ಮೇಲೆ ಸ್ಪ್ರೇ, ಮತ್ತೆ ಕ್ರೀಮು. ಗಲ್ಲದ ಮೇಲೆ ಹತ್ತಿದ ಇರುವೆಯೊಂದು ಎರಡನೇ ಪದರದಲ್ಲಿ ಸಮಾಧಿಯಾಯಿತು. ಎಲ್ಲ ಮುಗಿದ ಮೇಲೆ ಶಿವರಂಜನಿ ನಗಲು ನೋಡಿದಳು. ಒಳಗಿನ ಮುಖ ನಕ್ಕಿತು, ಹೊರಗಿನದು ನಗಲಿಲ್ಲ.

ಮಂಟಪದಲ್ಲಿ ತೆರೆ ಸರಿಸಿದರು. ಮಲ್ಲಿಕಾರ್ಜುನ್ ನೋಡಿದ, ಪಕ್ಕಕ್ಕೆ ಬಾಗಿ ನೋಡಿದ, ಆಮೇಲೆ ಮೆಲ್ಲಗೆ ಕೇಳಿದ: "ಶಿವು ಎಲ್ಲಿ?"



ಅದೇ ಹೊತ್ತಿಗೆ ದಿನಾ ಅವಳ ಬಸ್ಸಿಗೆ ಬರುವ ದೇವನೂರಿನವರು ಒಂದು ಗೋಡೆ ಗಡಿಯಾರ ಹೊತ್ತುಕೊಂಡು ಛತ್ರದ ಒಳಗೆ ಬಂದರು. ಮುಂದೆ ದೇವಯ್ಯ, ಹಿಂದೆ ಮಾದೇಶ್. ದೇವಯ್ಯ ಹಣೆಗೆ ಕೈ ಅಡ್ಡ ಇಟ್ಟು ಮಂಟಪ ನೋಡಿದ.

"ಲೇ ಮಾದೇಶ, ಇದು ನಮ್ ಮದ್ವೆ ಅಲ್ಲ ಕಣ್ಲಾ."

"ಬೋರ್ಡಲ್ಲಿ ಎಸ್ರು ಅದೇ ಐತಲ್ಲ ಮಾವ."

"ಎಸ್ರು ಕಟ್ಕೊಂಡ್ ಏನ್ಮಾಡೀಯ? ನಮ್ ಕಂಡಕ್ಟ್ರಮ್ಮ ನಂಗ್ ಗೊತ್ತಾಗಲ್ವಾ? ಅಲ್ಲಿ ಕುಂತಿರೋದು ಸುಣ್ಣ ಬಳ್ದಿರೋ ಗೋಡೆ. ನಡಿ, ಪಕ್ಕದ್ ಛತ್ರ ನೋಡವ."

ಬಂದವರೆಲ್ಲ ಬಾಗಿಲ ಕಡೆ ತಿರುಗಿದರು. ಕತ್ತಲಲ್ಲೂ ತನ್ನ ಗುರುತು ಹಿಡಿಯುತ್ತಿದ್ದವರ ಬೆನ್ನು ಕಂಡಾಗ ಶಿವರಂಜನಿಗೆ ತಡೆಯಲಾಗಲಿಲ್ಲ. ಎದ್ದು ನಿಂತಳು.

"ದೇವನೂರ್ನೋರು ಯಾರೂ ಇಳೀಬ್ಯಾಡಿ. ಸ್ಟಾಪು ಬಂದಿಲ್ಲ."

ಅಷ್ಟೂ ಜನ ನಿಂತಲ್ಲೇ ನಿಂತರು. ಮೂರು ಜನ ಅಭ್ಯಾಸಬಲಕ್ಕೆ ಮೇಲೆ ಕೈ ಎತ್ತಿ ಕಂಬಿ ಹುಡುಕಿದರು.

ಶಿವರಂಜನಿ ಗಲ್ಲದ ಕೆಳಗೆ ಉಗುರು ಕೊಟ್ಟು ಮೀಟಿದಳು. ಎಣ್ಣೆ ಚೆನ್ನಾಗಿ ಕುಡಿದ ಕಾವಲಿಯಿಂದ ದೋಸೆ ಏಳುವ ಹಾಗೆ ಇಡೀ ಮುಖ ಎದ್ದು ಬಂತು. ಹುಬ್ಬು, ತುಟಿ, ಕೆನ್ನೆಯ ಕೆಂಪು, ಯಾವುದೂ ಹರಿಯಲಿಲ್ಲ. ಒಳಗೆ ಅರಿಶಿನದ ಎಣ್ಣೆಯಲ್ಲಿ ಅವಳ ಸ್ವಂತ ಕಪ್ಪು ಥಳಥಳ ಅಂದಿತು. ಕಿತ್ತ ಮುಖವನ್ನು ಅವಳು ಮಂಟಪದ ಕಲಶಕ್ಕೆ ಒರಗಿಸಿ ನಿಲ್ಲಿಸಿದಳು. ಯಾರೋ ಮುದುಕಿ ವರಮಹಾಲಕ್ಷ್ಮಿಯ ಮುಖವಾಡವೆಂದುಕೊಂಡು ಅದಕ್ಕೆ ಕುಂಕುಮ ಇಟ್ಟು ಕೆನ್ನೆ ತಟ್ಟಿಕೊಂಡಳು.

"ಅತ್ತೆಮ್ಮ, ನೀವು ನೆಂಟ್ರಿಗೆ ಏಳಿದ್ ಸೊಸೆ ಇಲ್ಲವ್ಳೆ ನೋಡಿ. ಎದ್ರು ಮಾತಾಡಲ್ಲ, ಮುದ್ದೆ ಕೇಳಲ್ಲ, ಬಿಸ್ಲುಗ್ ಓಗಲ್ಲ. ಬೇಕಾದ್ರೆ ಇವ್ಳಿಗೇ ತಾಳಿ ಕಟ್ಸಿ. ನಾನು ಬೇಕು ಅಂದ್ರೆ ಇಂಗೇ ಬೇಕು."

"ಶ್ವೇತ, ಅಂಟ್ಸಮ್ಮ ಅದ್ನ," ಎಂದು ಮಂಗಳಗೌರಿ ಕೂಗಿದಳು.

ಶ್ವೇತ ಎರಡು ಕೈಯಲ್ಲಿ ಹಿಡಿದು ಒತ್ತಿದಳು. ಅದು ಜಾರಿ ಶಿವರಂಜನಿಯ ಕಾಲ ಬಳಿ ಬಿತ್ತು.

"ಮೂರ್ತ ಮೀರ್ತದೆ," ಎಂದರು ಮದುವೆ ಮಾಡಿಸುತ್ತಿದ್ದ ಮಠದ ಅಯ್ನೋರು.

ಶಿವರಂಜನಿ ಗಂಡಿನ ಕಡೆ ತಿರುಗಿದಳು. "ನೀವೇ ಬಾಯ್ಬುಟ್ಟು ಏಳಿ. ಯಾರಿಗ್ ಕಟ್ಟೀರಿ?"

ಮಲ್ಲಿಕಾರ್ಜುನ್ ತಾಳಿ ಹಿಡಿದು ಅಮ್ಮನನ್ನು ನೋಡಿದ. "ಅವ್ವ, ನಾನ್ ದಿನಾ ಬಸ್ಸತ್ತಿದ್ದು ಈ ಮುಖುಕ್ಕೆ ಕಣವ್ವ. ಇವ್ಳ್ನ ಇಳ್ಸುದ್ರೆ ನಾನೂ ಇಳ್ದೋಗ್ಬೇಕಾಯ್ತದೆ."

"ತಡೀರಿ. ಮದ್ಲು ಫೋಟೋದವ್ನಿಗ್ ಏಳಿ," ಎಂದಳು ಶಿವರಂಜನಿ. "ಬೆಳ್ಳುಗ್ ಮಾಡಂಗಿಲ್ಲ. ಒಂದ್ ಫೋಟೋ ಬೆಳ್ಳುಗ್ ಬಂದ್ರೂ ಆಲ್ಬಮ್ಮು ಕಪಿಲೆ ನೀರ್ಪಾಲು."

ಫೋಟೋದವನು ತಲೆಯಾಡಿಸಿದ. ಎಲ್ಲರೂ ಮಂಗಳಗೌರಿಯನ್ನು ನೋಡಿದರು. ಆ ಸೆಕೆಗೆ ಅವಳ ಹಣೆಯಿಂದ ಪೌಡರು ಕಾಲುವೆ ಕಟ್ಟಿ ಇಳಿಯುತ್ತಿತ್ತು.

"ಅಕ್ಕೋರ್ ಮುಖಾನೂ ಎದ್ ಬತ್ತಾ ಅದೆ," ಎಂದ ದೇವಯ್ಯ ಬಾಗಿಲಿಂದಲೇ.

ಮಂಗಳಗೌರಿ ಒಂದು ಗಳಿಗೆ ಹಲ್ಲು ಕಚ್ಚಿದಳು. ಆಮೇಲೆ ಸೆರಗು ತೆಗೆದುಕೊಂಡು ಹಣೆಯಿಂದ ಕತ್ತಿನ ತನಕ ಒರೆಸಿಬಿಟ್ಟಳು. ಅತ್ತೆಯೂ ಎರೆಭೂಮಿಯೇ.

"ವಾಲಗ ಊದ್ರಪ್ಪ, ಏನ್ ನೋಡ್ತೀರಿ," ಎಂದಳು.

ಆ ಕಿತ್ತ ಮುಖ ಇವತ್ತಿಗೂ ಅವರ ಮನೆ ಬೀರುವಿನಲ್ಲಿದೆ. ಬೇಸಿಗೆಯಲ್ಲಿ ಬೆವರುತ್ತದೆ, ಮಾಗಿಯಲ್ಲಿ ಅದರ ತುಟಿ ಒಡೆಯುತ್ತದೆ, ಸಾಕಮ್ಮ ಹೋಗಿ ಬೆಣ್ಣೆ ಸವರಿ ಬರುತ್ತಾಳೆ. ನಂಬಿದಿರಿ ತಾನೆ? ನಂಬಿದ್ದರೆ ನಿಮ್ಮ ಮನೆ ಕನ್ನಡಿಯ ಹಿಂದೆ, ಒಂದೇ ವಾರದಲ್ಲಿ ಬೆಳ್ಳಗಾಗುತ್ತೀರಿ ಎಂದು ಬರೆದಿರುವ ಟ್ಯೂಬು ಇದೆಯಲ್ಲ, ಅದನ್ನು ಈಗಲೇ ತಂದು ನನ್ನ ಕೈಗೆ ಕೊಡಿ. ನಮ್ಮ ಎಮ್ಮೆಗೆ ಹಚ್ಚಿ ನೋಡಬೇಕು. ಅದು ಹಸುವಾದರೆ ಮೊದಲ ಹಾಲು ನಿಮಗೇ.