ಗಿನಿಕೋಳಿಯ ತೊಡೆ

ದೇರಿ ಕೋಲನ್ನು ಅತ್ತ ಎಸೆದು, ಬಾಯುವೊನಿಗೆಂದು ತೋಡಿದ್ದ ಗುಂಡಿಗೆ ತಾನೇ ಇಳಿದು ಅಂಗಾತ ಮಲಗಿಬಿಟ್ಟ.

"ಜಾಗ ಬಿಡಲ್ಲ ಕಣ್ರೋ! ಆ ಹೊಟ್ಟೆಬಾಕನ್ನ ಬೇರೆಲ್ಲಾದ್ರೂ ಹೂಳಿ!"

ಮೇಲೆ ನಿಂತಿದ್ದ ತೊಂಬರೆಯ ಜನ ಗೊಳ್ಳೆಂದು ನಕ್ಕರು. ಎಷ್ಟೋ ತಲೆಮಾರಿನ ಹಿಂದೆ ಅಣ್ಣತಮ್ಮಂದಿರಿಬ್ಬರು ಗಿನಿಕೋಳಿಯ ಒಂದು ತೊಡೆಗಾಗಿ ಜಗಳವಾಡಿ ಬೇರೆಯಾದರಂತೆ. ತೊಡೆ ತಿಂದ ಅಣ್ಣನದು ತೊಂಬರೆ. ಹಸಿದ ಹೊಟ್ಟೆಯಲ್ಲಿ ಹಳ್ಳ ದಾಟಿದ ತಮ್ಮನದು ದೇರಿಯ ಊರು ಕುಸೋಗ. ಅಂದಿನಿಂದ ಒಂದೂರಿನ ಸಾವಿಗೆ ಇನ್ನೊಂದೂರಿನವರು ಬಂದು ಹೆಣವನ್ನು ಗೇಲಿ ಮಾಡಬೇಕು. ಅವರು ನಗಿಸದೆ ಮಣ್ಣು ಮಾಡುವಂತಿಲ್ಲ. ಅವರೇ ಅತ್ತರಂತೂ ಮುಗಿಯಿತು, ಸತ್ತವನು ಹಿರಿಯರ ದಾರಿ ಹಿಡಿಯದೆ ಅಂಗಳದಲ್ಲೇ ನಿಂತುಬಿಡುತ್ತಾನೆ.

"ತೊಡೆ ಕೊಡ್ತೀವಿ, ಏಳೋ ಮಾರಾಯ!" ಎಂದ ಗುಂಡಿ ತೋಡಿದವನೊಬ್ಬ.

"ಮೊದ್ಲು ತಗೊಂಬಾ! ನಿಮ್ಮೂರೋರ ಮಾತು ನಂಬಿಯೇ ನಮ್ಮಜ್ಜ ಉಪವಾಸ ಬಿದ್ದಿದ್ದು!"

ಮತ್ತೆ ನಗು. ಆದರೆ ದೇರಿ ಮಗ್ಗುಲಾಗಿ ಮುಖವನ್ನು ಮಣ್ಣಿಗೆ ಒತ್ತಿಕೊಂಡ.

*

ತೊಂಬರೆಯ ಬಾಯುವೊ ಹುಲ್ಲಿನ ಚಾಪೆ ಹೆಣೆಯುವವನು. ಕುಸೋಗದಲ್ಲಿ ಅವನ ಚಾಪೆಯಿಲ್ಲದ ಮನೆಯೇ ಇರಲಿಲ್ಲ. ಪ್ರತಿ ಸಂತೆಯ ದಿನ ದೇರಿಯ ಅಂಗಳದಲ್ಲಿ ಇಬ್ಬರೂ ಒಂದೇ ಸೋರೆಬುರುಡೆಯಲ್ಲಿ ಜೋಳದ ಬಿಯರು ಕುಡಿಯುತ್ತ, ಒಬ್ಬರ ಊರನ್ನು ಇನ್ನೊಬ್ಬರು ಜಾಲಾಡುತ್ತಿದ್ದರು. ಎಂಥ ಸಂಜೆಗಳು ಅವು!

ಆ ಬಿಯರು ಕಾಯಿಸುತ್ತಿದ್ದ ದೇರಿಯ ಹೆಂಡತಿ ತೀರಿಕೊಂಡಾಗ ಗುಂಡಿಗಿಳಿದವನು ಬಾಯುವೊ. "ಇವಳ ಬಿಯರು ಕತ್ತೆಗೂ ಸೇರ್ತಿರ್ಲಿಲ್ಲ" ಎಂದು ಕೂಗಿ ಊರನ್ನೇ ನಗಿಸಿದ್ದ. ಆಮೇಲೆ ಕಣಜದ ಹಿಂದೆ ದೇರಿಯ ಕೈ ಹಿಡಿದು ಪಿಸುಗುಟ್ಟಿದ್ದ:

"ಗುಂಡಿಯೊಳಗೆ ಮುಖ ಯಾರಿಗೂ ಕಾಣಲ್ಲ ಕಣೋ. ಅಲ್ಲೇ ಅತ್ಕೊಂಡು ಬಂದೆ. ನನ್ನ ಸರದಿ ಬಂದಾಗ ನೀನೂ ಹಂಗೇ ಮಾಡು."

*

"ತಗೋ ಚಿಕ್ಕಪ್ಪ." ಬಾಯುವೊನ ಮಗಳು ಆಯುವೊ ಗುಂಡಿಯಂಚಿನಲ್ಲಿ ಕೂತು, ಎಲೆಯಲ್ಲಿ ಸುಟ್ಟ ತೊಡೆ ಚಾಚಿದಳು.

ದೇರಿ ಅದನ್ನು ಎರಡಾಗಿ ಹರಿದ. ಒಂದು ಪಾಲನ್ನು ಬಾಯಿಗೆ ಹಾಕಿಕೊಂಡು ಕಷ್ಟಪಟ್ಟು ನುಂಗಿದ. ಇನ್ನೊಂದನ್ನು, ಗೆಳೆಯನ ತಲೆ ಬರುವ ಕಡೆ, ಎಲೆಯ ಸಮೇತ ಇಟ್ಟ.

"ಬಾರೋ ಹೊಟ್ಟೆಬಾಕ! ದಾರೀಲಿ ತಿನ್ನೋಕೆ ಇಟ್ಟಿದೀನಿ!"

ಆಯುವೊ ಕೈಕೊಟ್ಟು ಅವನನ್ನು ಮೇಲಕ್ಕೆಳೆದಳು. ಕೆಮ್ಮಣ್ಣು ಮೆತ್ತಿದ್ದ ಆ ಮುಖದಲ್ಲಿ ಕಣ್ಣಿನಿಂದ ಗಲ್ಲದವರೆಗೆ ಎರಡು ಒದ್ದೆ ಗೆರೆ. ಅವಳು ಅಡ್ಡ ನಿಂತು, ತಲೆವಸ್ತ್ರ ಬಿಚ್ಚಿ ಅವನ ಮುಖವನ್ನು ಗಸಗಸ ಒರೆಸಿದಳು.

"ನೋಡ್ರೋ, ಈ ಕುಸೋಗದೋರಿಗೆ ತಿನ್ನೋಕೂ ಬರಲ್ಲ! ಮುಖದ ತುಂಬ ಜಿಡ್ಡು!"

ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿರುವಾಗಲೇ ನಾಲ್ವರು ಬಾಯುವೊನನ್ನು ಅವನೇ ಹೆಣೆದ ಚಾಪೆಯ ಸಮೇತ ಎತ್ತಿಕೊಂಡರು.